ನಾಲ್ಕು ಸಾಲಿನ ಹಗ್ಗ

ಆ ಪಣೆ ನಾನೇ ಕಡಿದದ್ದು.
ಬೇಳದ ಪಾದೆಯಲ್ಲಿ, ಮುಳಿಹುಲ್ಲು ಕೆತ್ತಿ,
ಒಂದೊಂದೇ ಕೆಂಪುಕಲ್ಲು ಎಬ್ಬಿಸಿ
ಹದಿನಾರು ಸಾಲು ಕೆಳಗಿಳಿದಿದ್ದೆ.
ಆ ಕಲ್ಲಿನದೇ ಈ ಮನೆ, ಬಾವಿಕಟ್ಟೆ,
ಅಂಗಳದ ಮೂಲೆಯ ಶಿಲುಬೆಯ ಪೀಠ.
ಉಳಿದದ್ದು ಗುಂಡಿ.
ಆಟಿ ತಿಂಗಳಲ್ಲಿ ಅದು ತುಂಬುತ್ತದೆ,
ಹಸುರಾಗಿ, ಸದ್ದಿಲ್ಲದೆ,
ಮೇಲಿಂದ ನೋಡಿದರೆ ಮೊಣಕಾಲಷ್ಟು.

ಆಲ್ಡ್ರಿನ್, ನಿನಗೆ ಹನ್ನೊಂದು.
ಮನೆಯಲ್ಲಿ ನಾಕಾ ಅಂದೆ.
ನಿನ್ನ ಶಾಲೆಯ ಭಾಷೆಯಲ್ಲಿ ಬೇಡ ಅಂದೆ.
ಅಂಗಡಿ ಜಗಲಿಯಲ್ಲಿ, ಗೆಳೆಯರೆದುರು, ಬೊಡ್ಚಿ.
ಬಸ್ಸಿನಲ್ಲಿ ಕಂಡಕ್ಟರಿಗೂ ಕೇಳುವ ಹಾಗೆ, ವೇಂಡ.
ಒಂದೇ ಮಾತನ್ನು ನಾಲ್ಕು ಸಲ ಹೇಳುವ ಸೌಕರ್ಯ
ಈ ಊರಿನ ಅಪ್ಪಂದಿರಿಗೆ ಉಂಟು.
ಕೇಳದವನಿಗೆ ನಾಲ್ಕೂ ಒಂದೇ.

ಶುಕ್ರವಾರ ನಿನ್ನ ಚಡ್ಡಿ ಒದ್ದೆ,
ಕಿವಿಯ ಸಂದಿಯಲ್ಲಿ ಕೆಂಪು ಕೆಸರು.
ಮಳೆ ಬಂತು ಅಂದೆ.
ಅಂದು ಮಳೆಯೇ ಇರಲಿಲ್ಲ ಮಗನೆ.

ನನ್ನ ಕೈ ಎದ್ದಿತು.
ಆ ಕೈಗೆ ದಾರಿ ಗೊತ್ತುಂಟು,
ನಿನ್ನ ಅಜ್ಜ ಲಿಗೋರಿಯ ಕಾಲದ ದಾರಿ.
ಅವರ ಬೆಲ್ಟು ತೂಗುತ್ತಿದ್ದ ಮೊಳೆಗೆ
ಈಗ ನಿನ್ನ ಅಮ್ಮ ಜಪಸರ ಸಿಕ್ಕಿಸಿದ್ದಾಳೆ.
ಮೊಳೆ ಮಾತ್ರ ಅದೇ.
ಅದರ ಕೆಳಗೆ ನಿಂತು ತಿಂದ ಪೆಟ್ಟಿನ ಲೆಕ್ಕ ನೆನಪುಂಟು,
ಮಾಡಿದ ತಪ್ಪು ಯಾವುದೆಂದು ಒಂದೂ ನೆನಪಿಲ್ಲ.

ಎದ್ದ ಕೈಗೆ ಏನಾದರೂ ಕೆಲಸ ಬೇಕಲ್ಲ,
ಬೈರಾಸು ಎಳೆದು ನಿನ್ನ ತಲೆ ಒರೆಸಿದೆ,
ಸ್ವಲ್ಪ ಜೋರಾಗಿಯೇ.
ಒಂದು ವಾರ ಸೈಕಲ್ ಇಲ್ಲ, ಅಂದೆ.
ನೀನು ಮನೆಮಾತಿನಲ್ಲೇ ತಿರುಗಿಸಿ ಕೊಟ್ಟೆ:
ನೀನು ನನಗೆ ನಾಕಾ.

ಆಮೊರಿಯ ಗಂಟೆಯಾಯಿತು. ತೇರ್ಸಿಗೆ ನೀನು ಬರಲಿಲ್ಲ.
ಕೊನೆಗೆ ಬೆಸಾಂವ್ ಕೇಳಲು
ತಂಗಿ ಒಬ್ಬಳೇ ಕೈ ಜೋಡಿಸಿದಳು.
ಅವಳ ತಲೆಯಿಂದ ಎತ್ತಿದ ಕೈ
ನಿನ್ನ ಜಾಗದ ಮೇಲೆ ಸ್ವಲ್ಪ ಹೊತ್ತು ಇತ್ತು.
ಗಂಜಿ ತಣಿಯಿತು, ನಿನ್ನ ಬಟ್ಟಲಲ್ಲೂ ನನ್ನದರಲ್ಲೂ.
ಸೈಕಲಿನ ಬೀಗದ ಕೈ
ರಾತ್ರಿಯಿಡೀ ಕಿಸೆಯಲ್ಲಿ ಚುಚ್ಚಿತು.

ನಿದ್ದೆ ಬಾರದೆ ಆ ಮೊದಲ ತೋಟವನ್ನು ನೆನೆದೆ.
ದೇವರು ಆ ಒಂದು ಮರಕ್ಕೆ ಬೇಲಿ ಹಾಕಲಿಲ್ಲ ಯಾಕೆ?
ಮುಳ್ಳು ಇನ್ನೂ ಹುಟ್ಟಿರಲಿಲ್ಲವೋ ಏನೋ,
ಬರೀ ಮಾತು ಇಟ್ಟ.
ಮಾತು ಮುರಿದ ಸಂಜೆ, ಗೊತ್ತಿದ್ದೂ,
ಎಲ್ಲಿದ್ದೀ ಎಂದು ಕರೆಯುತ್ತ ಬಂದ.
ಹೊರಗೆ ಕಳಿಸಿದ, ಅದು ಸರಿ.
ಕಳಿಸುವ ಮೊದಲು ಕೂತು ಅವರಿಗೆ ಅಂಗಿ ಹೊಲಿದ.
ಪಾದ್ರಿಗಳು ಅಂಗಿಯ ವಿಷಯ ಯಾಕೋ ಹೆಚ್ಚು ಎತ್ತುವುದಿಲ್ಲ.

ವಾರದಲ್ಲಿ ಒಂದು ದಿನವೂ ಕಡಿಮೆ ಮಾಡಲಿಲ್ಲ.
ನಿನ್ನ ಅಮ್ಮ ಎರಡು ಸಲ ವಕಾಲತ್ತು ಹಿಡಿದಳು, ಸೋತಳು.
ಶನಿವಾರ ಬಾವಿಯ ಹಗ್ಗ ಬಿಚ್ಚಿ
ಬಾ, ಅಂದೆ.

ಒಂದು ತುದಿ ನಿನ್ನ ಸೊಂಟಕ್ಕೆ,
ಕಲ್ಲು ಎಳೆಯುವ ಗಂಟು, ತಾನಾಗಿ ಬಿಚ್ಚದ್ದು.
ಇನ್ನೊಂದು ನನ್ನ ಮುಂಗೈಗೆ.
ಇಲ್ಲಿ ನಾನು ಕಡಿದ ಮೆಟ್ಟಿಲು, ನೋಡು,
ಒಂದು, ಎರಡು, ಮೂರು, ನಾಲ್ಕು.
ಅದರಾಚೆ ಹನ್ನೆರಡು ಸಾಲು ಕತ್ತಲೆ.
ಕೊರಗಪ್ಪನ ಕೈಜಾರಿದ ಹಾರೆ ಇನ್ನೂ ಅಲ್ಲೇ ಉಂಟು.

ನಾಲ್ಕೇ ಸಾಲಾ?
ಈ ವರ್ಷ ನಾಲ್ಕು.
ಬರುವ ವರ್ಷ?
ಹಗ್ಗ ಉದ್ದ ಉಂಟು.

ನೀನು ಕಾಲು ಬಡಿದೆ, ನೀರು ಕುಡಿದೆ,
ನನ್ನನ್ನು ಬೈದೆ, ನಕ್ಕೆ.
ಹಗ್ಗ ಬಿಗಿದಾಗಲೆಲ್ಲ ನನ್ನ ಮುಂಗೈ ಉರಿಯಿತು.
ಅದು ನಿನಗೆ ಗೊತ್ತಾಗಲಿಲ್ಲ.
ಗೊತ್ತಾಗಬೇಕೆಂದೂ ಇಲ್ಲ.

ಆ ಸಂಜೆ ಎರಡನೇ ರಹಸ್ಯಕ್ಕೆ ಬಂದು ಮೊಣಕಾಲೂರಿದೆ.
ಮುಗಿದ ಮೇಲೆ, ಮುಖ ನೋಡದೆ,
ಗೋಡೆಗೆ ಹೇಳಿದ ಹಾಗೆ, ಬೆಸಾಂವ್ ಅಂದೆ.
ಕೈ ಇಟ್ಟೆ.
ಕೂದಲು ಇನ್ನೂ ಒದ್ದೆ.